ದಿವಾನ್ ಪೂರ್ಣಯ್ಯನ ಸಂಧಾನಗಳು

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ಕಲ್ಲಿನ ಕಂಬಗಳ ಮೇಲೆ ನಿಂತಿರುವ ಹಳೆಯ ಸೇತುವೆಯೊಂದಿದೆ. 1804ರಲ್ಲಿ ಕಟ್ಟಿದ್ದು. ಹಣ ಮೈಸೂರಿನದು, ಕಲ್ಲು ಮೈಸೂರಿನದು, ಕಟ್ಟಿಸಿದವನು ಮೈಸೂರಿನ ದಿವಾನ. ಹೆಸರು ಮಾತ್ರ ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಸೇವೆಯಲ್ಲಿದ್ದಾಗ ಮೈಸೂರಿಗೆ ಹೋಗುವ ದಾರಿಯಲ್ಲಿ ನಾನು ಹಲವು ಬಾರಿ ಅಲ್ಲಿ ಕಾರು ನಿಲ್ಲಿಸಿದ್ದೇನೆ. ಮೊದಮೊದಲು ಆ ಹೆಸರು ನನಗೆ ದಾಸ್ಯದ ಗುರುತಾಗಿ ಕಾಣುತ್ತಿತ್ತು. ವರ್ಷಗಳು ಕಳೆದಂತೆ, ಸೇತುವೆ ಯಾರಿಗೆ ಉಳಿಯಿತು, ಹೆಸರು ಯಾರಿಗೆ ಹೋಯಿತು ಎಂಬ ಲೆಕ್ಕ ಬೇರೆಯಾಗಿಯೇ ಕಾಣತೊಡಗಿತು.

ಕೆಲವು ವರ್ಷಗಳ ಹಿಂದೆ ಹೊಸದಾಗಿ ಸೇವೆಗೆ ಸೇರಿದ ಅಧಿಕಾರಿಗಳೊಂದಿಗೆ ಮಾತನಾಡಲು ನನ್ನನ್ನು ಕರೆದಿದ್ದರು. ವಿಷಯ, ಕಚೇರಿಯಲ್ಲಿ ಸಂಧಾನ ಕೌಶಲ. ಮೇಲಧಿಕಾರಿಯೊಂದಿಗೆ, ಸಹೋದ್ಯೋಗಿಗಳೊಂದಿಗೆ, ಮಂತ್ರಿಗಳೊಂದಿಗೆ ಹೇಗೆ ಮಾತುಕತೆ ನಡೆಸಬೇಕು, ವೃತ್ತಿಯಲ್ಲಿ ಹೇಗೆ ಮುಂದೆ ಬರಬೇಕು ಎಂಬುದು. ಈ ಬಗೆಯ ಪಾಠಗಳಲ್ಲಿ ವಿದೇಶಿ ಕಂಪನಿಗಳ ಉದಾಹರಣೆ ಕೊಡುವುದು ವಾಡಿಕೆ. ನಾನು ಪೂರ್ಣಯ್ಯನ ಕಥೆ ಹೇಳಿದೆ. ಮುಗಿದ ಮೇಲೆ ತರುಣಿಯೊಬ್ಬಳು ಎದ್ದು, ಹೈದರನಿಗೂ ಟಿಪ್ಪುವಿಗೂ ಆಮೇಲೆ ಅವರನ್ನು ಸೋಲಿಸಿದವರಿಗೂ ದುಡಿದ ಮನುಷ್ಯನನ್ನು ಅವಕಾಶವಾದಿ ಎನ್ನದೆ ಇನ್ನೇನೆನ್ನುವುದು ಎಂದು ಕೇಳಿದಳು. ಸಭೆ ನಕ್ಕಿತು. ನಾನು ಅಂದು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಸರ್ಕಾರಗಳು ಬದಲಾದಾಗಲೆಲ್ಲ ಅದೇ ಕುರ್ಚಿಯಲ್ಲಿ ಕುಳಿತು ಹೊಸಬರಿಗೆ ದುಡಿದ ನಮ್ಮಂಥವರ ಮೇಲೂ ಆ ಪ್ರಶ್ನೆ ಬಿದ್ದಿತ್ತು. ಈ ಲೇಖನ ಆಕೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಪೂರ್ಣಯ್ಯ ಹುಟ್ಟಿದ್ದು 1746ರಲ್ಲಿ, ಇಂದಿನ ತಮಿಳುನಾಡಿನಲ್ಲಿ, ಬಡ ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಹುಡುಗ ಅಂಗಡಿಯ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಆ ಲೆಕ್ಕದ ಪುಸ್ತಕವೇ ಅವನನ್ನು ಶ್ರೀರಂಗಪಟ್ಟಣಕ್ಕೆ, ಹೈದರಾಲಿಯ ಅರಮನೆಗೆ ಸರಕು ಒದಗಿಸುತ್ತಿದ್ದ ಅನ್ನದಾನ ಶೆಟ್ಟಿಯೆಂಬ ಸಾಹುಕಾರನ ಬಳಿಗೆ ಕರೆತಂದಿತು. ಹೈದರನಿಗೆ ಓದು ಬರಹ ಬಾರದು. ಆದರೆ ನೆನಪಿನ ಶಕ್ತಿ ಅಸಾಧಾರಣ. ಅಂಥ ಒಡೆಯನ ಮುಂದೆ ತಪ್ಪು ಲೆಕ್ಕ ಹೇಳಿದವನು ಉಳಿಯುತ್ತಿರಲಿಲ್ಲ. ಸರಿಯಾದ ಲೆಕ್ಕವನ್ನು ಬಾಯಲ್ಲೇ ಹೇಳಬಲ್ಲವನು ಬಹುಬೇಗ ಬೇಕಾದವನಾಗುತ್ತಿದ್ದ. ಪೂರ್ಣಯ್ಯ ಬೇಕಾದವನಾದ. ಹೈದರನ ಕೊನೆಯ ವರ್ಷಗಳ ಹೊತ್ತಿಗೆ ಕೃಷ್ಣರಾಯನೆಂಬ ಇನ್ನೊಬ್ಬ ಅಧಿಕಾರಿಯೊಂದಿಗೆ ಖಜಾನೆಯ ಹೊಣೆ ಅವನ ಮೇಲಿತ್ತು.

1782ರ ಡಿಸೆಂಬರ್ 7ರಂದು, ಚಿತ್ತೂರಿನ ಸಮೀಪ ನರಸಿಂಗರಾಯನಪೇಟೆಯ ಪಾಳೆಯದಲ್ಲಿ, ಬೆನ್ನಿನ ಹುಣ್ಣಿನಿಂದ ಹೈದರ್ ತೀರಿಕೊಂಡ. ಇಂಗ್ಲಿಷರೊಡನೆ ಯುದ್ಧ ನಡೆದಿತ್ತು. ಟಿಪ್ಪು ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದಿದ್ದರೆ ಸೈನ್ಯ ಚೆದುರುತ್ತಿತ್ತು. ಪೂರ್ಣಯ್ಯ ಮತ್ತು ಕೃಷ್ಣರಾಯ ಸಾವನ್ನು ಮುಚ್ಚಿಟ್ಟರು. ಶವವನ್ನು ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ಖಜಾನೆಯೆಂಬಂತೆ ಕಾವಲಿನೊಂದಿಗೆ ಕೋಲಾರಕ್ಕೆ ಕಳುಹಿಸಿದರು. ಟಿಪ್ಪುವಿಗೆ ಓಲೆ ಹೋಯಿತು. ಹೈದರನ ಕಿರಿಯ ಮಗ ಅಬ್ದುಲ್ ಕರೀಮನನ್ನು ಪಟ್ಟಕ್ಕೆ ತರಲು ಕೆಲವರು ಹೂಡಿದ್ದ ಒಳಸಂಚು ಕೈಗೂಡಲಿಲ್ಲ. 1783ರ ಆರಂಭದಲ್ಲಿ ಟಿಪ್ಪು ಬಂದಾಗ ಸೈನ್ಯ ಒಟ್ಟಾಗಿತ್ತು, ಖಜಾನೆ ಇದ್ದಲ್ಲೇ ಇತ್ತು.

ಸಾಮಾನ್ಯವಾಗಿ ಇದನ್ನು ಸ್ವಾಮಿನಿಷ್ಠೆಯ ಕಥೆಯಾಗಿ ಹೇಳುತ್ತಾರೆ. ನಾನು ಇದರಲ್ಲಿ ಇನ್ನೊಂದನ್ನು ಕಾಣುತ್ತೇನೆ. ಆ ಕೆಲವು ವಾರಗಳಲ್ಲಿ ಪೂರ್ಣಯ್ಯನ ಬಳಿ ರಹಸ್ಯವಿತ್ತು, ಹಣವಿತ್ತು, ಇಬ್ಬರು ಉತ್ತರಾಧಿಕಾರಿಗಳ ನಡುವೆ ಆರಿಸುವ ಅವಕಾಶವೂ ಇತ್ತು. ಬೆಲೆ ಕಟ್ಟಲು ಇದಕ್ಕಿಂತ ಒಳ್ಳೆಯ ಗಳಿಗೆ ಅವನ ಜೀವನದಲ್ಲಿ ಮತ್ತೆ ಬರಲಿಲ್ಲ. ಅವನು ಏನನ್ನಾದರೂ ಕೇಳಿದನೆಂಬ ಮಾತು ಎಲ್ಲಿಯೂ ಇಲ್ಲ. ಕೇಳದೆ ಇದ್ದುದರಿಂದಲೇ ಮುಂದಿನ ಹದಿನಾರು ವರ್ಷ ಅವನು ಟಿಪ್ಪುವಿನ ಆಡಳಿತದಲ್ಲಿ ಉಳಿದ ಎಂದು ನನ್ನ ಊಹೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಈ ಕಥೆಗಳ ಮುಖ್ಯ ಆಧಾರ ಮಾರ್ಕ್ ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸ. ವಿಲ್ಕ್ಸ್ ಮೈಸೂರಿನಲ್ಲಿ ರೆಸಿಡೆಂಟನ ಕೆಲಸ ನೋಡಿಕೊಂಡವನು, ಪೂರ್ಣಯ್ಯನಿಂದಲೇ ಹಲವು ವಿವರಗಳನ್ನು ಕೇಳಿ ಬರೆದುಕೊಂಡವನು. ಹಾಗಾಗಿ ಪೂರ್ಣಯ್ಯನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಒಂದು ಪಾಲು ಪೂರ್ಣಯ್ಯ ತಿಳಿಸಿದ್ದು. ತನ್ನ ಸೇವಾ ಪುಸ್ತಕವನ್ನು ತಾನೇ ಬರೆಯಿಸಿಕೊಳ್ಳುವ ಅದೃಷ್ಟ ಎಲ್ಲ ಅಧಿಕಾರಿಗಳಿಗೂ ಸಿಗುವುದಿಲ್ಲ.

ಟಿಪ್ಪುವಿನ ಕಾಲದ ಸೇವೆ ಸುಲಭದ್ದಾಗಿರಲಿಲ್ಲ. 1791ರಲ್ಲಿ, ಮೂರನೆಯ ಮೈಸೂರು ಯುದ್ಧದ ನಡುವೆ, ದ್ರೋಹದ ಶಂಕೆಯ ಮೇಲೆ ಕೃಷ್ಣರಾಯನ ಪ್ರಾಣ ಹೋಯಿತು. ಹೈದರನ ಸಾವಿನ ರಾತ್ರಿ ಜೊತೆಗಿದ್ದ ಸಹೋದ್ಯೋಗಿ ಅವನು. ಮರುವರ್ಷದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೊಡಲು ಒಪ್ಪಿದ, ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸನ ಬಳಿ ಒತ್ತೆಯಿಟ್ಟ. ಆ ಹಣ ತೀರಿ ಮಕ್ಕಳು 1794ರಲ್ಲಿ ಹಿಂದಿರುಗಿದರು. ಅರ್ಧವಾದ ರಾಜ್ಯದಿಂದ ಅಷ್ಟು ಹಣ ಎತ್ತುವುದೆಂದರೆ ಕಂದಾಯ ಇಲಾಖೆಯ ಯಾವ ನೌಕರನೂ ನೆಮ್ಮದಿಯಾಗಿ ನಿದ್ದೆ ಮಾಡಿರಲಾರ. ರೈತನಂತೂ ಮಾಡಿರಲಾರ. ಇನ್ನೊಂದೆಡೆ ದರ್ಬಾರಿನಲ್ಲಿ ಮೀರ್ ಸಾದಿಕನ ಪ್ರಾಬಲ್ಯ ಬೆಳೆಯುತ್ತಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಕಾದಾಡಿ ಸತ್ತ. ಆ ಮಧ್ಯಾಹ್ನ ಸಂಬಳ ಹಂಚುವ ನೆಪದಲ್ಲಿ ಕೋಟೆಯ ಬಿರುಕಿನ ಬಳಿಯಿಂದ ಸೈನಿಕರನ್ನು ಹಿಂದಕ್ಕೆ ಕರೆಯಲಾಯಿತೆಂಬ ಆರೋಪ ಹೆಚ್ಚಾಗಿ ಮೀರ್ ಸಾದಿಕನ ಮೇಲಿದೆ. ಪೂರ್ಣಯ್ಯನ ಹೆಸರನ್ನೂ ಅದಕ್ಕೆ ಸೇರಿಸುವವರಿದ್ದಾರೆ. ಎರಡು ಶತಮಾನ ಕಳೆದರೂ ಈ ವಾದ ನಮ್ಮಲ್ಲಿ ತಣ್ಣಗಾಗಿಲ್ಲ. ತೀರ್ಪು ಕೊಡುವಷ್ಟು ಸಾಕ್ಷ್ಯ ನನಗೆ ಕಂಡಿಲ್ಲ. ನನಗೆ ಮುಖ್ಯವೆನಿಸುವುದು ಅದರ ನಂತರದ ದಿನಗಳಲ್ಲಿ ನಡೆದದ್ದು.

ಗೆದ್ದವರ ಮುಂದೆ ಬಂದ ಪೂರ್ಣಯ್ಯ ಮೊದಲು ಇಟ್ಟ ಪ್ರಸ್ತಾಪ ತನ್ನ ಪದವಿಯ ಬಗ್ಗೆಯಲ್ಲ. ಟಿಪ್ಪುವಿನ ಹಿರಿಯ ಮಗ ಫತೇ ಹೈದರನನ್ನು, ಕಪ್ಪಕಾಣಿಕೆಯ ಷರತ್ತಿನ ಮೇಲಾದರೂ ಸರಿ, ಗದ್ದಿಗೆಯ ಮೇಲೆ ಕೂರಿಸಿ ಎಂಬುದು. ಸೋತ ಮನೆತನದ ಪರವಾಗಿ, ಅದರ ಸೋಲಿನ ಬಿಸಿ ಆರುವ ಮುನ್ನವೇ ಮಾತನಾಡುವುದು ಜಾಣತನವಾಗಿರಲಿಲ್ಲ. ಅವಕಾಶವಾದಿ ಹಾಗೆ ಮಾಡುವುದಿಲ್ಲ. ಇಂಗ್ಲಿಷರು ಒಪ್ಪಲಿಲ್ಲ. ಜನರಲ್ ಹ್ಯಾರಿಸ್, ವೆಲ್ಲೆಸ್ಲಿ ಸೋದರರು, ಕರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್ ಇದ್ದ ಆಯೋಗ ಒಡೆಯರ್ ಮನೆತನವನ್ನೇ ಮರಳಿ ತರಲು ನಿರ್ಧರಿಸಿತು. ಜೂನ್ 30ರಂದು ಐದು ವರ್ಷದ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು.

ದಿವಾನನಾರು ಎಂಬ ಪ್ರಶ್ನೆ ಆಗ ಎದ್ದಿತು. ನ್ಯಾಯವಾಗಿ ನೋಡಿದರೆ ಆ ಸ್ಥಾನಕ್ಕೆ ಹಕ್ಕುದಾರ ಬೇರೊಬ್ಬನಿದ್ದ. ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ಪ್ರಧಾನ ತಿರುಮಲರಾಯ ಹದಿನೇಳು ವರ್ಷಗಳ ಹಿಂದೆಯೇ, 1782ರಲ್ಲಿ, ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡಿದ್ದ. ಒಡೆಯರ ಪುನಃಸ್ಥಾಪನೆಗೆ ಅವನಷ್ಟು ದೀರ್ಘಕಾಲ ದುಡಿದವರು ಇನ್ನೊಬ್ಬರಿಲ್ಲ. ಪ್ರಧಾನ ಪದವಿ ತನ್ನದೇ ಎಂದು ಅವನು ನಂಬಿದ್ದ. ಪದವಿ ಸಿಕ್ಕಿದ್ದು ಟಿಪ್ಪುವಿನ ಸೇವಕನಿಗೆ. ತಿರುಮಲರಾಯನ ಕೈಯಲ್ಲಿದ್ದುದು ಹಳೆಯ ವಾಗ್ದಾನ. ಪೂರ್ಣಯ್ಯನ ಕೈಯಲ್ಲಿದ್ದುದು ಯಾವ ತಾಲ್ಲೂಕಿನಲ್ಲಿ ಎಷ್ಟು ಹುಟ್ಟುವಳಿ, ಯಾವ ಪಾಳೆಯಗಾರನಿಗೆ ಏನು ಸಲ್ಲಬೇಕು, ಯಾವ ಅಮಲ್ದಾರ ನಂಬಿಕಸ್ಥ ಎಂಬ ತಿಳಿವಳಿಕೆ. ಗೆದ್ದ ದೇಶದಲ್ಲಿ ಮರುದಿನದಿಂದಲೇ ಕಂದಾಯ ಬರಬೇಕಿದ್ದವರಿಗೆ ಎರಡನೆಯದೇ ಬೇಕಿತ್ತು. ತಿರುಮಲರಾಯನಿಗೆ ಅನ್ಯಾಯವಾಯಿತೆಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಬಡ್ತಿಯ ಮಾತುಕತೆಯಲ್ಲಿ ಹಿಂದಿನ ಋಣವನ್ನು ನೆನಪಿಸುವವನಿಗಿಂತ ನಾಳೆಯ ಕೆಲಸಕ್ಕೆ ಒದಗುವವನ ಮಾತಿಗೆ ತೂಕ ಹೆಚ್ಚು. ನಾನೂ ಒಮ್ಮೆ ತಿರುಮಲರಾಯನಾಗಿದ್ದೆ. ಸರ್ಕಾರ ಬದಲಾದ ವಾರದಲ್ಲೇ ಹೊಸ ಸಚಿವರೊಬ್ಬರ ಮುಂದೆ ನನ್ನ ಹಿಂದಿನ ಸೇವೆಯ ಪಟ್ಟಿ ಹಿಡಿದು ಹೋದೆ. ಅವರು ಚಹಾ ಕೊಟ್ಟು ಕಳುಹಿಸಿದರು. ಬಾಕಿ ಇದ್ದ ಕಡತಗಳನ್ನು ಹಿಡಿದು ಹೋದ ನನ್ನ ಕಿರಿಯ ಸಹೋದ್ಯೋಗಿಗೆ ನಾನು ಬಯಸಿದ್ದ ಹುದ್ದೆ ಸಿಕ್ಕಿತು. ಕೋಪ ಇಳಿಯಲು ಎರಡು ವರ್ಷ ಬೇಕಾಯಿತು.

1799ರ ಜುಲೈ 8ರ ಒಪ್ಪಂದದ ಪ್ರಕಾರ ಮೈಸೂರು ಕಂಪನಿಗೆ ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡ, ಅಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಕೊಡಬೇಕಿತ್ತು. ಕರಾವಳಿ, ಕೊಯಮತ್ತೂರು ಮೊದಲಾದ ಸೀಮೆಗಳನ್ನು ಕಳೆದುಕೊಂಡು ಕುಗ್ಗಿದ ರಾಜ್ಯದ ಮೇಲೆ ಇದು ದೊಡ್ಡ ಹೊರೆ. ಅದಕ್ಕಿಂತ ಅಪಾಯಕಾರಿಯಾದ ಷರತ್ತು ಇನ್ನೊಂದಿತ್ತು. ಹಣ ಸಲ್ಲುವುದು ಕಷ್ಟವೆಂದು ಗವರ್ನರ್ ಜನರಲನಿಗೆ ತೋರಿದರೆ ಆಡಳಿತವನ್ನೇ ಕೈಗೆತ್ತಿಕೊಳ್ಳುವ ಅಧಿಕಾರ ಅವನಿಗಿತ್ತು. ಪೂರ್ಣಯ್ಯನ ಮುಂದಿನ ಹನ್ನೆರಡು ವರ್ಷಗಳ ನಡವಳಿಕೆಯನ್ನೆಲ್ಲ ಈ ಒಂದು ಷರತ್ತಿನಿಂದ ಅರ್ಥ ಮಾಡಿಕೊಳ್ಳಬಹುದು. ಕಂಪನಿಗೆ ಮಧ್ಯೆ ಪ್ರವೇಶಿಸಲು ಕಾರಣವನ್ನೇ ಕೊಡಬಾರದು. ಕಂತು ತಪ್ಪದವನೊಂದಿಗೆ ಸಾಲಗಾರ ಜಗಳಕ್ಕಿಳಿಯುವುದಿಲ್ಲ, ಲೆಕ್ಕ ಕೇಳುವ ನೆಪ ಅವನಿಗೆ ಸಿಗುವುದಿಲ್ಲ. ರೆಸಿಡೆಂಟರು ಬದಲಾಗುತ್ತಿದ್ದರು. ಕ್ಲೋಸ್ ಹೋದ, ವೆಬ್ ಬಂದ, ಮಾಲ್ಕಂ ಬಂದ, ವಿಲ್ಕ್ಸ್ ಬಂದ. ದಿವಾನ ಇದ್ದಲ್ಲೇ ಇದ್ದ. ಬದಲಾಗುವ ಮೇಲಧಿಕಾರಿಗಳ ಮಧ್ಯೆ ಉಳಿಯುವವನ ಬಲ ಯಾವುದೆಂದು ಯಾವುದೇ ಸಚಿವಾಲಯದ ಹಿರಿಯ ಗುಮಾಸ್ತನನ್ನು ಕೇಳಿ ನೋಡಿ.

ಆರ್ಥರ್ ವೆಲ್ಲೆಸ್ಲಿಯೊಂದಿಗಿನ ಸಂಬಂಧ ಇದರ ಅತ್ಯುತ್ತಮ ಉದಾಹರಣೆ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಈತ ಆಗ ಶ್ರೀರಂಗಪಟ್ಟಣದಲ್ಲಿ ಸೇನಾಧಿಕಾರಿ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿದಾಗಲೂ 1803ರ ಮರಾಠಾ ಯುದ್ಧದಲ್ಲೂ ಅವನ ಸೈನ್ಯಕ್ಕೆ ಬೇಕಾದ ಎತ್ತು, ಧಾನ್ಯ, ಕುದುರೆ ಪಡೆಗಳು ಮೈಸೂರಿನಿಂದ ಹೋದವು. ಹಸಿದ ಸೈನ್ಯ ಗೆಲ್ಲುವುದಿಲ್ಲವೆಂಬುದು ವೆಲ್ಲೆಸ್ಲಿಗೆ ಚೆನ್ನಾಗಿ ಗೊತ್ತಿತ್ತು, ಅದು ಅವನಿಗೆ ಗೊತ್ತೆಂಬುದು ಪೂರ್ಣಯ್ಯನಿಗೆ ಗೊತ್ತಿತ್ತು. 1805ರಲ್ಲಿ ಭಾರತ ಬಿಡುವಾಗ ವೆಲ್ಲೆಸ್ಲಿ ತನ್ನ ಚಿತ್ರಪಟವನ್ನು ದಿವಾನನಿಗೆ ನೆನಪಿನ ಕಾಣಿಕೆಯಾಗಿ ಕೊಟ್ಟ.

ಸ್ನೇಹ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ. ಮೂಲ ಒಪ್ಪಂದದಲ್ಲಿ ಯುದ್ಧ ಬಂದಾಗ ಮೈಸೂರು ಎಷ್ಟು ನೆರವು ಕೊಡಬೇಕೆಂಬುದು ಅಸ್ಪಷ್ಟವಾಗಿತ್ತು. ಅಸ್ಪಷ್ಟ ಷರತ್ತು ಯಾವಾಗಲೂ ಬಲಿಷ್ಠನಿಗೆ ಅನುಕೂಲ. 1807ರ ಜನವರಿಯ ಪೂರಕ ಒಪ್ಪಂದದಲ್ಲಿ ಅದು ನಾಲ್ಕು ಸಾವಿರ ಸಿಲ್ಲೇದಾರ್ ಕುದುರೆ ಸವಾರರ ಪಡೆಯೆಂದು ನಿಗದಿಯಾಯಿತು. ಮಿತಿಯಿಲ್ಲದ ಬೇಡಿಕೆಗೆ ಮಿತಿ ಬಿತ್ತು. ಇದು ಪೂರ್ಣಯ್ಯನ ಗೆಲುವೆಂದು ಹೇಳುವವರಿದ್ದಾರೆ. ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಯುದ್ಧದಲ್ಲಿ ಮಾತ್ರ ಬರಬಹುದಾಗಿದ್ದ ವೆಚ್ಚ ಶಾಂತಿಯ ಕಾಲದಲ್ಲೂ ಪ್ರತಿವರ್ಷ ಬರುವಂತಾಯಿತು. ಉಕ್ಕುವ ಬೊಕ್ಕಸವಿದ್ದ ದಿವಾನನಿಗೆ ಅದು ಭಾರವಲ್ಲ, ಅವನ ನಂತರ ಬಂದವರಿಗೆ ಭಾರವಾಯಿತು. ಅದೇ ವರ್ಷದ ಕೊನೆಯಲ್ಲಿ ಯಳಂದೂರು ಅವನಿಗೆ ಜಹಗೀರಾಗಿ ಬಂತು ಎಂಬುದನ್ನೂ ಓದುಗರ ಗಮನಕ್ಕೆ ತರಬೇಕು. ಎರಡಕ್ಕೂ ಸಂಬಂಧ ಕಲ್ಪಿಸುವ ಆಧಾರ ನನ್ನಲ್ಲಿಲ್ಲ. ಆದರೆ ಲೆಕ್ಕಪರಿಶೋಧಕನಾಗಿದ್ದರೆ ಆ ಎರಡು ದಿನಾಂಕಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕುತ್ತಿದ್ದೆ.

ಒಳಗಿನ ಆಡಳಿತದಲ್ಲಿ ಅವನು ಪಾಳೆಯಗಾರರಲ್ಲಿ ಹಲವರನ್ನು ನಿವೃತ್ತಿ ವೇತನ ಕೊಟ್ಟು ಸುಮ್ಮನಾಗಿಸಿದ. ಕೆಲಸ ಕಳೆದುಕೊಂಡ ಸೈನಿಕರಲ್ಲಿ ಅನೇಕರನ್ನು ಕಂದಾಚಾರ ಪಡೆಗೆ ಸೇರಿಸಿಕೊಂಡ. ಟಿಪ್ಪುವಿನ ಸೈನ್ಯ ಚದುರಿ ಊರೂರು ಅಲೆಯುತ್ತಿದ್ದಾಗ ಇದು ಕಾನೂನು ಸುವ್ಯವಸ್ಥೆಯ ಅತ್ಯಂತ ಅಗ್ಗದ ಉಪಾಯವಾಗಿತ್ತು. ಎಲ್ಲರೂ ಮಾತಿಗೆ ಬಗ್ಗಲಿಲ್ಲ. ಬಲಂ ಸೀಮೆಯ ಕೃಷ್ಣಪ್ಪ ನಾಯಕ 1802ರಲ್ಲಿ ವೆಲ್ಲೆಸ್ಲಿಯ ಸೈನ್ಯಕ್ಕೆ ಸಿಕ್ಕಿ ಗಲ್ಲಿಗೇರಿದ. ಸಂಧಾನದ ಹಿಂದೆ ಅಂಥ ಸೈನ್ಯವೊಂದು ನಿಂತಿತ್ತು ಎಂಬುದನ್ನು ಮರೆತು ಪೂರ್ಣಯ್ಯನ ಮೃದುಮಾತನ್ನು ಹೊಗಳುವುದು ಅರ್ಧಸತ್ಯವಾದೀತು. ಕಾವೇರಿಯ ನೀರನ್ನು ಮೈಸೂರು ನಗರಕ್ಕೆ ತರಲು ತೋಡಿಸಿದ ನಾಲೆ ಗುರಿ ಮುಟ್ಟಲಿಲ್ಲ. ಪೂರ್ಣಯ್ಯ ನಾಲೆ ಎಂಬ ಹೆಸರು ಮಾತ್ರ ಉಳಿಯಿತು.

1811ರಲ್ಲಿ ಅವನು ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಹೆಚ್ಚು ಉಳಿತಾಯವಿತ್ತೆಂದು ಹೇಳುತ್ತಾರೆ. ಅರ್ಥಶಾಸ್ತ್ರ ಓದಿದವನಾಗಿ ನನಗೆ ಇದರಲ್ಲಿ ಪೂರ್ತಿ ಸಂತೋಷವಿಲ್ಲ. ಪೆಟ್ಟಿಗೆಯಲ್ಲಿ ಬಿದ್ದಿರುವ ಎರಡು ಕೋಟಿ ಎಂದರೆ ರೈತನ ಕೈಯಿಂದ ಹೊರಟು ಮತ್ತೆ ಸಂತೆಗೆ ಬಾರದ ಎರಡು ಕೋಟಿ. ಕಂದಾಯದ ಹಿಡಿತ ಬಿಗಿಯಾಗಿತ್ತು, ವಸೂಲಿಯಲ್ಲಿ ದಯೆ ಕಡಿಮೆ. ಕಂಪನಿಯ ಭಯಕ್ಕೆ ಅಷ್ಟು ದೊಡ್ಡ ವಿಮೆ ಬೇಕಿತ್ತೆ? ಆ ಕುರ್ಚಿಯಲ್ಲಿ ನಾನಿದ್ದಿದ್ದರೆ ಬಹುಶಃ ನಾನೂ ಕೂಡಿಡುತ್ತಿದ್ದೆ. ಅಧಿಕಾರಿಗಳಿಗೆ ಕೊರತೆಯ ಭಯ ರೈತನ ಬಡತನಕ್ಕಿಂತ ಹತ್ತಿರದಲ್ಲಿರುತ್ತದೆ.

ಅವನು ಸೋತದ್ದು ಕೊನೆಯ ಸಂಧಾನದಲ್ಲಿ, ಎದುರಿಗಿದ್ದವನು ಹದಿನಾರು ವರ್ಷದ ಹುಡುಗ. ಕೃಷ್ಣರಾಜ ಒಡೆಯರು ಬೆಳೆದಿದ್ದರು, ರಾಜ್ಯವನ್ನು ತಾವೇ ನಡೆಸುವ ಆಸೆ ಮೂಡಿತ್ತು. ಪೂರ್ಣಯ್ಯನಿಗೆ ಅಧಿಕಾರ ಬಿಡುವ ಮನಸ್ಸಿರಲಿಲ್ಲ. ದಿವಾನಗಿರಿಯನ್ನು ತನ್ನ ವಂಶಕ್ಕೇ ಉಳಿಸಿಕೊಳ್ಳುವ ಆಲೋಚನೆಯೂ ಅವನಿಗಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಹೈದರನ ಮನಸ್ಸನ್ನು, ಟಿಪ್ಪುವಿನ ಸಿಟ್ಟನ್ನು, ವೆಲ್ಲೆಸ್ಲಿಯ ಅಗತ್ಯವನ್ನು ಓದಿದವನಿಗೆ ತನ್ನ ಕಣ್ಣೆದುರೇ ಬೆಳೆದ ಹುಡುಗ ಓದಲು ಸಿಗಲಿಲ್ಲ. ಮೇಲಿನವರೊಡನೆ ಮಾತನಾಡಿ ಅಭ್ಯಾಸವಾದವನಿಗೆ ಕಿರಿಯನನ್ನು ಸಮನೆಂದು ಕಾಣುವುದು ಬಹಳ ಕಷ್ಟ. ನಿವೃತ್ತಿಯ ಅಂಚಿನಲ್ಲಿ ಇಲಾಖೆಗಳನ್ನು ತಮ್ಮ ಮನೆಯಂತೆ ಭಾವಿಸಿ, ಕೀಲಿಕೈ ಕೊಡಲು ಒದ್ದಾಡಿದ ಸಮರ್ಥರನ್ನು ನಾನು ಕಂಡಿದ್ದೇನೆ. ಅವರಿಗೆ ತಮ್ಮ ಹೊರತು ಕೆಲಸ ಕೆಡುತ್ತದೆ ಎಂಬ ಭಯ. ಕೆಲವು ಸಲ ಆ ಭಯ ನಿಜವೂ ಆಗಿರುತ್ತದೆ. ಪೂರ್ಣಯ್ಯನ ವಿಷಯದಲ್ಲಿ ಹಾಗೇ ಆಯಿತು: ಅವನು ಕೂಡಿಟ್ಟ ಹಣ ಕೆಲವೇ ವರ್ಷಗಳಲ್ಲಿ ಕರಗಿತು, 1830ರಲ್ಲಿ ನಗರದ ರೈತರು ದಂಗೆಯೆದ್ದರು, 1831ರಲ್ಲಿ ಕಂಪನಿ ಆ ಹಳೆಯ ಷರತ್ತನ್ನೇ ಹಿಡಿದು ಆಡಳಿತವನ್ನು ಕಸಿದುಕೊಂಡಿತು. ಮೈಸೂರು ಒಡೆಯರಿಗೆ ಮರಳಿದ್ದು 1881ರಲ್ಲಿ. ಹನ್ನೆರಡು ವರ್ಷ ಮುಚ್ಚಿಟ್ಟ ಬಾಗಿಲು ತೆರೆದುಕೊಂಡದ್ದಕ್ಕೆ ತರುಣ ಅರಸನೊಬ್ಬನೇ ಕಾರಣನಲ್ಲ. ಹುಡುಗನನ್ನು ಆಡಳಿತಕ್ಕೆ ಸಿದ್ಧಗೊಳಿಸದ ದಿವಾನನ ಪಾಲೂ ಅದರಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಆಗಿನ ರೆಸಿಡೆಂಟ್ ಅರಸನ ಪಕ್ಷ ವಹಿಸಿದ. ಹನ್ನೆರಡು ವರ್ಷ ಜೋಪಾನವಾಗಿ ಬೆಳೆಸಿದ ವಿಶ್ವಾಸ ಅಂದು ದಿವಾನನ ನೆರವಿಗೆ ಬರಲಿಲ್ಲ. ಕಂಪನಿಗೆ ಬೇಕಾಗಿದ್ದುದು ಕಂತು, ಅದನ್ನು ಕೊಡುವ ಕೈ ಯಾರದೆಂಬುದು ಅದಕ್ಕೆ ಮುಖ್ಯವಾಗಿರಲಿಲ್ಲ.

ಆ ತರುಣಿಗೆ ನಾನೀಗ ಹೇಳಬಹುದಾದದ್ದು ಇಷ್ಟು. ಪೂರ್ಣಯ್ಯ ಒಡೆಯರನ್ನು ಬದಲಿಸಿದ, ಕೆಲಸವನ್ನು ಬದಲಿಸಲಿಲ್ಲ. ಟಿಪ್ಪುವಿನ ಮಗನಿಗಾಗಿ ಮಾತನಾಡಿದ ದಿನ ಅವನು ನನ್ನ ಕಣ್ಣಿಗೆ ದೊಡ್ಡವನು. ಕೃಷ್ಣರಾಜನಿಗೆ ಕುರ್ಚಿ ಬಿಡಲಾರದೆ ಹೆಣಗಿದ ದಿನ ನಮ್ಮಂತೆಯೇ ಒಬ್ಬ ಹಿರಿಯ ಅಧಿಕಾರಿ.

1811ರ ಕೊನೆಯಲ್ಲಿ ಅವನು ಮೈಸೂರಿನ ಅಧಿಕಾರ ಬಿಟ್ಟು ಶ್ರೀರಂಗಪಟ್ಟಣಕ್ಕೆ ಹಿಂದಿರುಗಿದ. ಸಾಹುಕಾರನ ಗುಮಾಸ್ತನಾಗಿ ಬಂದು ಸೇರಿದ್ದ ಊರದು. 1812ರ ಮಾರ್ಚ್‌ನಲ್ಲಿ ಅಲ್ಲೇ ತೀರಿಕೊಂಡ. ಯಳಂದೂರಿನ ಜಹಗೀರು ಅವನ ವಂಶದಲ್ಲಿ ಉಳಿಯಿತು. ದಿವಾನ ಪದವಿ ಆ ಮನೆಗೆ ಮತ್ತೆ ಬಂದದ್ದು 1901ರಲ್ಲಿ, ಪಿ.ಎನ್. ಕೃಷ್ಣಮೂರ್ತಿಯವರ ಕಾಲಕ್ಕೆ.